ಇಮಾನದ ಪುಸ್ತಕದಾಗ ಒಂದು ಚುಕ್ಕಿ

ಈ ಸರ್ತಿ ಫೋಟೋ ಇಲ್ಲ, ಕೆಳಗ ಹುಡಕಬ್ಯಾಡ್ರಿ. ವಿಡಿಯೋನೂ ಇಲ್ಲ. ಹೆಸರೂ ಹೇಳೂದಿಲ್ಲ. "ಯಾರವ್ವಾ ಅವರು, ಯಾವ ಓಣಿ" ಅಂತ ಕಾಮೆಂಟಿನ್ಯಾಗ ಎಷ್ಟು ಕೇಳಿದ್ರೂ ಹೇಳೂದಿಲ್ಲ. ಒಂದು ಸರ್ತಿ ಹೇಳಿ ಏನು ಮಾಡಿಟ್ಟೆ ಅನ್ನೂದು ಮುಂದ ಬರತೈತಿ, ಓದ್ರಿ.

ನಮ್ಮ ಓಣಿ ಅಣ್ಣ ತೀರಿಕೊಂಡು ಇವತ್ತಿಗೆ ಹದಿನೆಂಟು ದಿನ. ಸ್ವಂತ ಅಣ್ಣ ಅಲ್ಲ. ಆಂಧ್ರದ ಆದೋನಿಯಾಗ ನಮ್ಮ ಗ್ವಾಡಿಗೆ ಹಚ್ಚಿದ ಮನಿ ಅವರದು. ಅವರು ತಮ್ಮ ಅಕ್ಕನ್ನ ಅಕ್ಕ ಅಂತ ಕರೀತಿದ್ರು, ಹಿಂಗಾಗಿ ಓಣಿ ಮಂದಿಗೆಲ್ಲಾ ಆಕಿ ಅಕ್ಕ ಆದ್ಳು. ಅಕ್ಕನ ತಮ್ಮ ನಮಗೆಲ್ಲಾ ಅಣ್ಣ. ಲೆಕ್ಕ ಸರಿ ಆಗೂದಿಲ್ಲ, ಗೊತ್ತು. ಓಣ್ಯಾಗ ಹಂಗೇ.

ಇಬ್ಬರೇ ಆ ಮನ್ಯಾಗ. ಅಕ್ಕನ್ನ ಆಲೂರಿಗೆ ಕೊಟ್ಟಿದ್ರು. ಎರಡು ವರ್ಷಕ್ಕ ಗಂಡ ಸತ್ತ. ಅತ್ತಿ ಮನಿಯವರು ಆಕಿ ಕೈಯಾಗ ಟ್ರಂಕ್ ಕೊಟ್ಟು ಬಸ್ ಹತ್ತಿಸಿದ್ರು. ಅವತ್ತಿಂದ ಆಕಿ ಇಲ್ಲೇ. ಅಣ್ಣ ಮದಿವಿ ಆಗಲಿಲ್ಲ. "ಯಾಕಣ್ಣಾ ಆಗಲಿಲ್ಲ?" ಅಂತ ಒಮ್ಮೆ ಕೇಳೇಬಿಟ್ಟೆ. ನನ್ನ ಬಾಯಿ ನಿಮಗ ಗೊತ್ತೇ ಐತಲ್ಲ.

"ಟೈಮ್ ಸಿಗಲಿಲ್ಲ ತಂಗಿ" ಅಂದ್ರು.

ಅವರು ಮಾತಾಡಿದ್ರ ಇಷ್ಟೇ. ಹತ್ತಿ ಜಿನ್ನಿಂಗ್ ಮಿಲ್ಲಿನ್ಯಾಗ ಮೂವತ್ತು ವರ್ಷಕ್ಕಿಂತ ಹೆಚ್ಚು ಎಲೆಕ್ಟ್ರಿಷಿಯನ್ ಆಗಿ ದುಡದ್ರು. ಅಂಗಿ ಜೇಬಿನ್ಯಾಗ ಯಾವಾಗಲೂ ಟೆಸ್ಟರ್. ಆಯಿತವಾರ ತಲಿಗೆ ಎಣ್ಣಿ ಹಚ್ಚಿಕೊಂಡು ಸ್ನಾನ ಮಾಡಿ ಬಂದ್ರೂ ಕಿವಿ ಹಿಂದ ಒಂದು ಹತ್ತಿ ಎಳಿ ಅಂಟಿಕೊಂಡಿರತಿತ್ತು. ಅದರ ಜೋಡಿ ಕೆಮ್ಮು. ಆ ಹತ್ತಿ ಧೂಳಿನ ಕೆಮ್ಮು ಕೇಳಿದವರಿಗೇ ಗೊತ್ತು. ಎರಡು ಸಣ್ಣವು, ಒಂದು ದೊಡ್ಡದು, ಆಮ್ಯಾಲೆ ಗಂಟಲು ಸರಿಮಾಡಿಕೊಳ್ಳೂದು. ಅಣ್ಣ ಓಣಿ ತುದಿಗೆ ಬರೂ ಹೊತ್ತಿಗೆ ಇಲ್ಲಿ ಅಕ್ಕ ಒಲಿ ಮ್ಯಾಲೆ ಚಾ ಇಡತಿದ್ಳು. ಕಣ್ಣಿರಲಿಲ್ಲ ಆಕಿಗೆ. ಸಕ್ರಿ ರೋಗ ಎರಡೂ ಕಣ್ಣು ತಿಂದಿತ್ತು. ತಮ್ಮ ಬಂದ ಅಂತ ಕೆಮ್ಮೇ ಹೇಳತಿತ್ತು.

ಸೀರಿಗೆ ಫಾಲ್-ಪಿಕೋ ಹಾಕೂ ನನ್ನ ಮಿಷಿನ್ ಒಮ್ಮೆ ನಿಂತಿತ್ತು. ಅಂಗಡಿಗೆ ಬಂದ್ರು, ಬಗ್ಗಿ ನೋಡಿದ್ರು, ಗ್ವಾಡಿ ಹತ್ರ ಹೋಗಿ ಸ್ವಿಚ್ ಹಾಕಿದ್ರು. ಮಿಷಿನ್ ತಿರಗಾಕ ಹತ್ತಿತು. ಏನೂ ಅನ್ನದ ಹೊಂಟು ಹೋದ್ರು. ನಗಲಿಲ್ಲ ಸುದ್ದಾ. ಬ್ಯಾರೆ ಯಾರರೆ ಆಗಿದ್ರ ಓಣಿ ತುಂಬ ಹೇಳಿಕೊಂಡು ಬರತಿದ್ರು. ನಾನಾಗಿದ್ರ ಪೋಸ್ಟ್ ಹಾಕತಿದ್ದೆ.

ಇಂಥ ಮನಿಷಾಗ ಒಂದು ಹುಚ್ಚಿತ್ತು. ಇಮಾನದ, ಅಂದ್ರ ಮುಗಲಾಗ ಹಾರೂ ವಿಮಾನದ, ಮಾತು ಕೇಳೂ ಹುಚ್ಚು.

ಅಂಗೈಯಗಲದ ಕರೀ ರೇಡಿಯೋ ಸೆಟ್ಟು. ಹೈದ್ರಾಬಾದಿನ ಹಳೇ ಸಾಮಾನಿನ ಬಜಾರದಾಗ ಎಲ್ಲೋ ಸಿಕ್ಕಿತ್ತಂತ. ಸ್ಕ್ಯಾನರ್ ಅಂತಾರ ಅದಕ್ಕ. ತಾನೇ ಒಂದೊಂದು ಚಾನೆಲ್ಲಿಗೂ ಹೊರಳಿ ಹೊರಳಿ ಎಲ್ಲಿ ಮಾತು ಕೇಳತೈತೋ ಅಲ್ಲಿ ನಿಂದರತಿತ್ತು. ಹಳೇ ಛತ್ರಿ ಕಡ್ಡಿ, ತಾಮ್ರದ ವೈರು, ಒಂದು ಪ್ಲಾಸ್ಟಿಕ್ ಪೈಪು, ಇಷ್ಟರಾಗ ಅಂಟೆನಾ ಮಾಡಿ ಮಾಳಿಗಿ ಮ್ಯಾಲೆ ನೀರಿನ ಟ್ಯಾಂಕಿಗೆ ಕಟ್ಟಿದ್ರು. ಕಾಗಿ ಬಂದು ಕುಂತರ ಅಕ್ಕ ಕೆಳಗಿಂದ, "ಹುಶ್! ಇಮಾನ ಬರೂ ಹೊತ್ತಾತು, ಏಳು ಅಲ್ಲಿಂದ" ಅಂತ ಬೈತಿದ್ಳು.

ಸಂಜಿ ಆರಕ್ಕ ಅಣ್ಣ ಅಕ್ಕನ ಕೈ ಹಿಡಕೊಂಡು ಮಾಳಿಗಿ ಹತ್ತಿಸತಿದ್ರು. ಹನ್ನೆರಡು ಮೆಟ್ಟಲು, ಒಂದೊಂದನ್ನೂ ಎಣಿಸಿಕೋತ. ಹೊರಸಿನ ಮ್ಯಾಲೆ ಅಕ್ಕ, ಕೆಳಗ ಚಾಪಿ ಮ್ಯಾಲೆ ಅಣ್ಣ, ನಡುವ ಸೆಟ್ಟು. ಚೆನ್ನೈಯಿಂದ ಮುಂಬೈಗೆ ಹೋಗೂ ಇಮಾನಗಳ ದಾರಿ ಸೀದಾ ನಮ್ಮ ತಲಿ ಮ್ಯಾಲೆ. ಇಷ್ಟು ವರ್ಷ ಆದೋನಿಯಾಗ ಇದ್ದೂ ನಂಗ ಗೊತ್ತಿರಲಿಲ್ಲ. ಅಣ್ಣ ಅಕ್ಕಗ ಅದನ್ನ ನಮ್ಮ ಊರಿನ ಹೆಸರಿನ್ಯಾಗ ಹೇಳತಿದ್ರು.

"ಪತ್ತಿಕೊಂಡ ದಾಟಿದ."

"ಹೂಂ."

"ಈಗ ಆಲೂರು. ನಿಮ್ಮ ಅತ್ತಿ ಮನಿ ಮ್ಯಾಲೆ ಅದಾನ."

"ಕಿಟಕಿ ತಗದು ಉಗುಳಾಕ ಹೇಳು ಅವಗ."

ನಾ ನಮ್ಮ ಮಾಳಿಗಿ ಮ್ಯಾಲೆ ಹಪ್ಪಳ ತಗಿಯೂಕಿ ಬಿದ್ದು ಬಿದ್ದು ನಕ್ಕಿದ್ದೆ ಅವತ್ತು. ಅಣ್ಣನ ತುಟಿ ಮಾತ್ರ ಒಂದೀಟು ಅಲುಗಾಡಿತು.

ಒಂದು ವಿಚಾರ ನೀವು ತಿಳಕೋಬೇಕು. ಇಮಾನ ಮುಗಲಾಗ ಇರತೈತಿ, ಅದರ ಮಾತು ನಾಕೂ ದಿಕ್ಕಿಗೆ ಬೀಳತೈತಿ. ಅದಕ್ಕ ಕೆಳಗಿಂದ ಉತ್ತರ ಕೊಡೋರು ಎಲ್ಲೋ ದೂರ ಊರಾಗ ಕುಂತಿರತಾರ, ಅವರ ಧ್ವನಿ ನಮ್ಮ ತನಕಾ ಬರೂದಿಲ್ಲ. ನಮಗ ಕೇಳೂದು ಬರೇ ಅರ್ಧ ಮಾತು. ಪೈಲಟ್ ಏನೋ ಕೇಳತಾನ, ಆಮ್ಯಾಲೆ ಸುಮ್ಮಾಗತೈತಿ, ಮತ್ತ ಅವನೇ "ರೋಜರ್", ಅಂದ್ರ ತಿಳೀತು, ಅಂತಾನ. ಆ ನಡುವಿನ ಸುಮ್ಮನ ಜಾಗಾದಾಗ ಅಕ್ಕ ತನ್ನ ಮಾತು ಹಾಕತಿದ್ಳು.

"ಗುಡ್ ಈವ್ನಿಂಗ್" ಅಂತ ಪೈಲಟ್ ಮ್ಯಾಲಿಂದ.

"ಬಾರಪ್ಪ. ಉಂಡೇನು?" ಅಂತ ಅಕ್ಕ ಕೆಳಗಿಂದ.

"ರೋಜರ್" ಅಂತಿದ್ದ ಅವನು. ಉಂಡಾನಂತ ತಿಳಕೋಬೇಕು ನಾವು.

ಒಬ್ಬ ಹೆಣ್ಣುಮಗಳು ಪೈಲಟ್ ಬರತಿದ್ಳು, ವಾರದಾಗ ಮೂರು ನಾಕು ಸರ್ತಿ, ಏಳರ ಸುಮಾರಿಗೆ. ಸಣ್ಣ ಧ್ವನಿ, ಚುರುಕು. ಅಕ್ಕಗ ಆಕಿ ಅಂದ್ರ ಜೀವ. "ನಮ್ಮ ಹುಡುಗಿ ಬಂದ್ಳು" ಅಂತಿದ್ಳು. ಹುಡುಗಿ ದಾಟಿ ಹೋದ ಮ್ಯಾಲೆ ಅಕ್ಕನ ಸಂಜಿ ಮಾತ್ರಿ, ಆಮ್ಯಾಲೆ ಊಟ. ಹುಡುಗಿ ಬರದ ದಿನ ಬ್ಯಾರೆ ಯಾರರೆ ಗಂಡಸು ಪೈಲಟ್. ಆಕಿಗೆ ಗಡಿಯಾರ ಕಾಣೂದಿಲ್ಲಲ್ಲ, ಆ ಧ್ವನಿಗಳೇ ಗಡಿಯಾರ.

ಅಣ್ಣ ಒಂದು ಉದ್ದನ ನೋಟ್‌ಬುಕ್ ಇಟ್ಟಿದ್ರು. ದಿನಾ ಬರಿಯೂದು. ಎಷ್ಟು ಗಂಟಿ, ಯಾವ ಕಡಿಂದ ಯಾವ ಕಡಿಗೆ, ಎಷ್ಟು ಎತ್ತರ. ಒಂದೊಂದು ಸರ್ತಿ ಮಿಲಿಟ್ರಿ ಇಮಾನದ ಮಾತೂ ಬೀಳತಿತ್ತು. ಬಾಳ ಕಡಿಮಿ, ಅದೂ ಎರಡು ನಂಬರು, ಒಂದು "ಕಾಪಿ", ಅಷ್ಟೇ. ಅದು ಬಂದ ಕೂಡಲೇ ಅಣ್ಣ ಒಂದು ಬೆರಳು ಎತ್ತಿ ಸುಮ್ಮ ಕೂಡತಿದ್ರು. ಕಣ್ಣಿಲ್ಲದಾಕಿಗೆ ಬೆರಳು ಎತ್ತಿ ಏನುಪಯೋಗ? ಆದ್ರೂ ಅಕ್ಕಗ ತಿಳೀತಿತ್ತು.

"ಯಾರು?"

"ನಮ್ಮೋರು."

ಮುಗೀತು. ಪುಸ್ತಕದಾಗ ಟೈಮಿಲ್ಲ, ದಿಕ್ಕಿಲ್ಲ, ಬರೇ ಒಂದು ಚುಕ್ಕಿ. ಒಮ್ಮೆ ನಾ ಬಗ್ಗಿ ನೋಡಿ ಕೇಳಿದೆ, "ಇದೇನಣ್ಣಾ, ಬರೇ ಚುಕ್ಕಿ ಇಟ್ಟೀರಿ?" "ಕೇಳಿಸ್ತು. ಆದ್ರ ಆಡೂ ಮಾತಲ್ಲ" ಅಂದ್ರು.

"ನೀವು ಒಮ್ಮೆ ಇಮಾನದಾಗ ಕುಂತು ಬರ್ರಿ" ಅಂತ ನಮ್ಮ ಮನಿಯವರು ಚಾಷ್ಟಿ ಮಾಡಿದ್ರ, "ಒಳಗ ಕುಂತರ ಏನು ಕೇಳತೈತಿ?" ಅಂದಿದ್ರು. ಅಣ್ಣ ಇಮಾನ ಹತ್ತದನೇ ಹೋದ್ರು.

ಈಗ ನನ್ನ ಪಾಪದ ಕಥಿ.

ಹೋದ ಬ್ಯಾಸಗಿ. ಬಾರ್ಡರಿನ್ಯಾಗ ಗದ್ದಲ. ಟಿವಿ ಹಚ್ಚಿದ್ರ ಅದೇ, ಫೋನ್ ತಗದ್ರ ಅದೇ. ನನ್ನ ಪೇಜಿನ್ಯಾಗ ಮಾತ್ರ ಉಗ್ಗಾಣಿ ಮಾಡೂದು, ಪಿಕೋ ಹಾಕೂದು, ಅತ್ತಿ-ಸೊಸಿ ಜಗಳ. ಯಾರು ನೋಡತಾರ? ಅಣ್ಣನ್ನ ಕೇಳಿದೆ, "ನಿಮ್ಮ ಸೆಟ್ಟಿನ ಒಂದು ವಿಡಿಯೋ ಮಾಡ್ಲೇನಣ್ಣಾ?"

"ಬ್ಯಾಡ ತಂಗಿ."

"ಎರಡೇ ನಿಮಿಷ."

"ಬ್ಯಾಡ."

ಎರಡು ಸರ್ತಿ ಬ್ಯಾಡ ಅಂದಿದ್ರು. ಇದನ್ನ ಸರಿಯಾಗಿ ಓದಿಕೊಳ್ರಿ, ನನ್ನ ಕಡಿ ಮಾತಾಡೋರು. ಮರುದಿನ ಸಂಜಿ ನಮ್ಮ ಮಾಳಿಗಿ ಗ್ವಾಡಿ ಹಿಂದ ಕುಂತು ಅವರ ಬೆನ್ನು ಕಾಣೂ ಹಂಗ, ಸೆಟ್ಟಿನ ಧ್ವನಿ ಕೇಳೂ ಹಂಗ ತಗದೆ. ಇಪ್ಪತ್ತು ಸೆಕೆಂಡು. ಅದರಾಗ ಮಾತಾಡಿದ್ದು ಮುಂಬೈಗೆ ಹೊಂಟ ಮಾಮೂಲಿ ಇಮಾನ. ಮ್ಯಾಲೆ ನಾ ಬರದದ್ದು, "ನಮ್ಮ ಓಣ್ಯಾಗ ಕುಂತು ಮಿಲಿಟ್ರಿ ಇಮಾನದ ಮಾತು ಕೇಳೂ ಅಣ್ಣ!" ಯಾಕ ಹಂಗ ಬರದೆ? ಮಂದಿ ನೋಡಲಿ ಅಂತ. ಬ್ಯಾರೆ ಕಾರಣ ಇಲ್ಲ. ಹುಡುಕಿ ನೋಡೀನಿ, ಇಲ್ಲ.

ಮಂದಿ ನೋಡಿದ್ರು. ನನ್ನ ಜೀವಮಾನದಾಗ ಅಷ್ಟು ಮಂದಿ ನೋಡಿರಲಿಲ್ಲ. ಮೊದಲು ಚಪ್ಪಾಳಿ, ಆಮ್ಯಾಲೆ ಬೈಗಳ, ಆಮ್ಯಾಲೆ "ಇವನು ಯಾರ ಕಡಿಯವನು? ಪೊಲೀಸರಿಗೆ ಟ್ಯಾಗ್ ಮಾಡ್ರಿ." ನಾ ಹೆದರಿ ಅಳಸೂ ಹೊತ್ತಿಗೆ ಊರೂರು ತಿರುಗಿ ಬಂದಿತ್ತು ಅದು.

ಮರುದಿನ ಮುಂಜಾನಿ ಮಫ್ತಿಯಾಗ ಇಬ್ಬರು ಬಂದ್ರು. ಜೋರು ಮಾಡಲಿಲ್ಲ, ಅಂಗಳದಾಗ ನಿಂತು "ಸಾರ್ ಪಿಲುಸ್ತುನ್ನಾರು" ಅಂದ್ರು, ಸಾಹೇಬ್ರು ಕರೀತಾರಂತ. ಅಣ್ಣ ಒಳಗ ಹೋಗಿ ಸೆಟ್ಟು, ಪುಸ್ತಕ ಎರಡೂ ಕೈಚೀಲಕ್ಕ ಹಾಕಿಕೊಂಡು ಬಂದ್ರು.

"ಯಾರು ಬಂದಾರ?" ಅಂತ ಅಕ್ಕ ಒಳಗಿಂದ.

"ಮಿಲ್ಲಿನವರು. ಸೆಟ್ಟು ಹಂಗೇ ರಿಪೇರಿಗೆ ಕೊಟ್ಟು ಬರತೀನಿ" ಅಂದ್ರು. ನನ್ನ ಮುಂದ ಹಾದು ಹೋಗೂವಾಗ ನಿಂತು, "ಅಕ್ಕಗ ಹೇಳಬ್ಯಾಡ" ಅಂದ್ರು. ಬೈಲಿಲ್ಲ. ನನ್ನ ಮುಖಾನೂ ನೋಡಲಿಲ್ಲ.

ನಾ ಚಪ್ಪಲ್ ಹಾಕಿಕೊಂಡು ಹಿಂದಿಂದನೇ ಸ್ಟೇಷನ್ನಿಗೆ ಹೋದೆ. ಮಾಡಿದಾಕಿ ನಾನು, ಹೋಗಲಿಕ್ಕೇ ಬೇಕು.

ಎಸ್ಸೈ ಸಾಹೇಬ್ರು ಸಮುದ್ರದ ಕಡಿಯವರು, ಹೊಸದಾಗಿ ಬಂದವರು, ವಯಸ್ಸು ಕಡಿಮಿ. ಕೆಟ್ಟವರಲ್ಲ. ಪುಸ್ತಕ ತಗದು ನೋಡಿದ್ರು, ಹುಬ್ಬು ಗಂಟಾತು. ನಮ್ಮ ಅಕ್ಷರ ತೆಲುಗಿನಂಗೇ ಕಾಣತಾವಲ್ಲ. ಒಂದು ಅಕ್ಷರ ಓದಾಕ ಬರತೈತಿ, ಮುಂದಿಂದು ಬರೂದಿಲ್ಲ, ಓದಿದ್ರೂ ಅರ್ಥ ಹತ್ತೂದಿಲ್ಲ. "ತೆಲುಗುಲಾಗೇ ಉಂದಿ, ತೆಲುಗು ಕಾದು. ಕೋಡಾ?" ಅಂದ್ರು, ತೆಲುಗಿನಂಗ ಐತಿ, ತೆಲುಗಲ್ಲ, ಗುಪ್ತ ಭಾಷೆಯೇನು ಅಂತ. ಅಣ್ಣ "ಕನ್ನಡ ಸಾರ್" ಅಂದ್ರು. ಸಾಹೇಬ್ರು ಚುಕ್ಕಿ ಮ್ಯಾಲೆ ಬೆರಳಿಟ್ಟು, "ಈ ಚುಕ್ಕಲೇಂಟಿ?" ಅಂದ್ರು. ಅಣ್ಣ ಸುಮ್ಮ ನಿಂತ್ರು. ಸುಮ್ಮ ನಿಂತಷ್ಟೂ ತಪ್ಪು ಮಾಡಿದವರಂಗ ಕಾಣತಿದ್ರು.

ನಾ ಬಾಯಿ ಹಾಕಿದೆ. "ನಾ ಕನ್ನಡ ಮೀಡಿಯಂ ಓದೀನಿ ಸಾರ್. ಓದಿ ತೆಲುಗಿನ್ಯಾಗ ಹೇಳತೀನಿ."

"ಚದುವಮ್ಮಾ" ಅಂದ್ರು, ಓದವ್ವಾ ಅಂತ.

ನಿಂತುಕೊಂಡೇ ಓದಿದೆ. ಅಲ್ಲಿ ತನಕಾ ನಾ ಅದನ್ನ ಇಮಾನದ ಪುಸ್ತಕ ಅಂತಲೇ ತಿಳಕೊಂಡಿದ್ದೆ. ನಿಮಗ ಕೆಲವು ಸಾಲು ನೆನಪಿದ್ದಂಗ ಬರಿತೀನಿ.

"ಆರು ಐವತ್ತು. ಚೆನ್ನೈಯಿಂದ ಮುಂಬೈ. ಮೂವತ್ತಾರು ಸಾವಿರ ಅಡಿ. ಅಕ್ಕ ಉಂಡೇನು ಅಂತ ಕೇಳಿದಳು."

"ಏಳು ಐದು. ಹುಡುಗಿ. ಅಕ್ಕ ಮಾತ್ರೆ ತಗೊಂಡಳು."

"ಏಳು ಹತ್ತು. ಹುಡುಗಿ ಬರಲಿಲ್ಲ. ಅಕ್ಕ ಅರ್ಧ ರೊಟ್ಟಿ ಬಿಟ್ಟಳು."

ಎಲ್ಲಾ ಪುಟಾನೂ ಹಂಗೇ. ಇಮಾನ ಅರ್ಧ ಸಾಲು, ಅಕ್ಕ ಅರ್ಧ ಸಾಲು. ನಡುವ ಒಂದು ಕಡಿ ಉದ್ದಕ್ಕ ಬರದಿದ್ರು. ಇಮಾನದಾಗ ಯಾರಿಗೋ ಎದಿನೋವು ಬಂದು ಪೈಲಟ್ ಹೈದ್ರಾಬಾದಿಗೆ ತಿರುಗಿಸಿದ್ದ. ಅರ್ಧ ಮಾತು ಕೇಳಿ ಅಕ್ಕ ಅವತ್ತು ಊಟ ಮಾಡಿರಲಿಲ್ಲ. ಅದರ ಕೆಳಗ ಮರುದಿನದ್ದು, "ಆ ಮನುಷ್ಯ ಉಳಿದನಂತ ಪೇಪರಿನಲ್ಲಿ ಬಂದಿದೆ ಅಂತ ಹೇಳಿದೆ. ಪೇಪರಿನಲ್ಲಿ ಏನೂ ಬಂದಿಲ್ಲ. ಅಕ್ಕ ನಂಬಿದಳು. ಎರಡು ರೊಟ್ಟಿ ಉಂಡಳು."

ಅದನ್ನೂ ತೆಲುಗಿನ್ಯಾಗ ಹೇಳಿದೆ. ಸಾಹೇಬ್ರು ಪೆನ್ ಕೆಳಗಿಟ್ರು. "ಚುಕ್ಕಿ?" ಅಂತ ಮತ್ತ ಕೇಳಿದ್ರು, ಈ ಸರ್ತಿ ಮೆತ್ತಗ. "ಮಿಲಿಟ್ರಿ ಮಾತು ಕಿವಿಗೆ ಬಿದ್ದ ದಿನ ಸಾರ್. ಬರಿಬಾರದಂತ ಬರಿಯೂದಿಲ್ಲ ಅವರು" ಅಂದೆ.

ಇನ್ನೊಂದೆರಡು ಹಾಳಿ ತಿರುವಿ ನೋಡಿದ್ರು. ಆಮ್ಯಾಲೆ ಪುಸ್ತಕ ವಾಪಸ್ ಕೊಟ್ರು. ಸೆಟ್ಟು ಕೊಡಲಿಲ್ಲ. ಲೈಸೆನ್ಸಿಲ್ಲದ ಅಂಥದ್ದು ಇಟ್ಟುಕೊಳ್ಳೂದು ಕಾನೂನಿನ್ಯಾಗ ತಪ್ಪಂತ. ಕೇಸ್ ಮಾಡೂದಿಲ್ಲ, ಹೋಗ್ರಿ, ಅಂಟೆನಾನೂ ಬಿಚ್ಚಿಬಿಡ್ರಿ ಅಂದ್ರು. ಅವರು ಮಾಡಿದ್ದು ಅವರ ಕೆಲಸ. ನಾ ಮಾಡಿದ್ದಕ್ಕ ಅಂಥಾ ಹೆಸರಿಲ್ಲ.

ಹೊರಗ ಬಂದು ಅಣ್ಣನ ಕಾಲಿಗೆ ಬೀಳಾಕ ಹೋದೆ. ಹಿಂದಕ್ಕ ಸರದ್ರು. "ಆಟೋ ಹಿಡಿ ತಂಗಿ. ಅಕ್ಕ ಒಬ್ಬಾಕೇ ಅದಾಳ" ಅಂದ್ರು.

ನಾಕು ದಿನ ಮಾಳಿಗಿ ಖಾಲಿ. ಅಕ್ಕಗ ಹೊತ್ತೇ ತಪ್ಪಿತು. ಮಧ್ಯಾಹ್ನ ನಾಕಕ್ಕ "ಮಾತ್ರಿ ಕೊಡು" ಅನ್ನೂದು, ಸಂಜಿ ಎಂಟಾದ್ರೂ "ಇನ್ನಾ ಹುಡುಗಿ ಬಂದಿಲ್ಲಲ್ಲ" ಅಂತ ಊಟ ಮುಟ್ಟದ ಕೂಡೂದು. "ರಿಪೇರಿ ಆತೇನೋ ತಮ್ಮಾ?" ಅಂತ ದಿನಾ ಕೇಳೂದು. ನಾ ಗ್ವಾಡಿ ಈಚಿ ಕಡಿ ನಿಂತು ಕೇಳಿಸಿಕೊಳ್ಳೂದು.

ಐದನೇ ದಿನ ಸಂಜಿ ಇಬ್ಬರೂ ಮಾಳಿಗಿ ಹತ್ತಿದ್ರು. ಸೊಂಯ್ ಅಂತ ಸಪ್ಪಳ ಕೇಳಿಸ್ತು. ಇವರು ಇನ್ನೊಂದು ಸೆಟ್ಟು ತಂದ್ರೇನು ಮತ್ತ? ಗ್ವಾಡಿ ಮ್ಯಾಲಿಂದ ಇಣುಕಿದೆ. ಅಕ್ಕ ಹೊರಸಿನ ಮ್ಯಾಲೆ. ಅಣ್ಣ ಟ್ಯಾಂಕಿನ ಹಿಂದ ಕುಕ್ಕರಗಾಲಿನ್ಯಾಗ. ಪಕ್ಕದಾಗ ಹಳೇ ಟ್ರಾನ್ಸಿಸ್ಟರ್, ಯಾವ ಸ್ಟೇಷನ್ನೂ ಹಿಡೀದಂಗ ನಡುವ ತಿರುಗಿಸಿ ಇಟ್ಟಿದ್ರು, ಅದೇ ಸೊಂಯ್ ಅಂತಿತ್ತು. ಕೈಯಾಗ ಸ್ಟೀಲ್ ಲೋಟ. ಲೋಟದಾಗ ಬಾಯಿಟ್ಟು ಅಣ್ಣ ಇಂಗ್ಲೀಷ್ ಮಾತಾಡತಿದ್ರು.

"ಗುಡ್ ಈವ್ನಿಂಗ್. ಮೇಂಟೇನಿಂಗ್ ಲೆವೆಲ್ ತ್ರೀ ಸಿಕ್ಸ್ ಜೀರೋ."

"ಬಂದೇನಪ್ಪ!" ಅಂದ್ಳು ಅಕ್ಕ. "ಎಷ್ಟು ದಿನ ಆತೋ ನಿನ್ನ ಧ್ವನಿ ಕೇಳಿ. ಉಂಡೇನು?"

"ರೋಜರ್."

ಆಮ್ಯಾಲೆ ಅಣ್ಣ ಲೋಟ ಇಟ್ಟು, ಕಾಲು ಸಪ್ಪಳ ಆಗದಂಗ ಅಕ್ಕನ ಹತ್ರ ಬಂದು ಕುಂತು, ತಮ್ಮ ಸ್ವಂತ ಧ್ವನಿಯಾಗ "ಪತ್ತಿಕೊಂಡ ದಾಟಿದ" ಅಂದ್ರು. ಮತ್ತ ಎದ್ದು ಟ್ಯಾಂಕಿನ ಹಿಂದ. ಅರವತ್ತು ದಾಟಿದ ಮನಿಷಾ, ಮೊಳಕಾಲು ನೋವಿನವರು, ಒಂದು ಇಮಾನ ಆಲೂರು ದಾಟೂದರಾಗ ಆರು ಸರ್ತಿ ಎದ್ದು ಕುಂತು ಮಾಡಿದ್ರು. "ಸೆಟ್ಟು ಅಂಟೆನಾ ಹತ್ರನೇ ಇಡಬೇಕಂತ ಈಗ. ರಿಪೇರಿ ಆದ ಮ್ಯಾಲೆ ಸೊಂಯ್ ಅಂತೈತಿ" ಅಂತ ಅಕ್ಕಗ ಹೇಳಿದ್ರು.

ವಾರ ಬಿಟ್ಟು ನನ್ನ ಅಂಗಡಿ ಬಾಗಲಿಗೆ ಬಂದು ನಿಂತ್ರು. ಪೊಲೀಸ್ ಸ್ಟೇಷನ್ ಆದ ಮ್ಯಾಲೆ ಅದೇ ಮೊದಲು ಬಂದದ್ದು. ನಾ ಮಿಷಿನ್ ನಿಲ್ಲಿಸಿದೆ.

"ಹುಡುಗಿ ಧ್ವನಿ ನಂಗ ಬರೂದಿಲ್ಲ" ಅಂದ್ರು.

"ಆಂ?"

"ಅಕ್ಕ ಕೇಳತಾಳ ಆ ಹುಡುಗೀನ್ನ. ನೀ ಮಾಡತೀಯೇನು?"

ಒಂದು ಹಾಳಿಯಾಗ ಕನ್ನಡದಾಗ ಬರದು ತಂದಿದ್ರು, ಇಂಗ್ಲೀಷ್ ಮಾತನ್ನ. ನಾ ಹತ್ತನೇತ್ತೆಯಾಗ ಇಂಗ್ಲೀಷ್ ಫೇಲ್. ಆದ್ರೂ ಆ ಸಂಜಿಯಿಂದ ವಾರದಾಗ ಮೂರು ದಿನ ಟ್ಯಾಂಕಿನ ಹಿಂದ ಕುಂತು ಲೋಟದಾಗ ಬಾಯಿಟ್ಟು ಪೈಲಟ್ ಆದೆ. ಕೆಳಗ ನಮ್ಮ ಮನಿಯವರು ಅನ್ನ ಬಡಿಸಿಕೊಂಡು ನಗತಿದ್ರು, "ಇಳೀತೇನು ಇಮಾನ?" ಅಂತ. ನಗಲಿ ಬಿಡ್ರಿ.

ಅಕ್ಕ ಮಾತಾಡತಿದ್ಳು ಪೈಲಟ್‌ಗಳ ಜೋಡಿ, ಮೊದಲಿಗಿಂತ ಹೆಚ್ಚು. ಮಳಿಗಾಲದಾಗ ಅಣ್ಣನ ಕೆಮ್ಮು ಜೋರಾತು. ಆಗ ಅಕ್ಕ ಪೈಲಟ್‌ಗೆ ಅಂತಿದ್ಳು, "ಶುಂಠಿ ಕಷಾಯ ಮಾಡಿಟ್ಟೀನಪ್ಪ, ಇಳದ ಮ್ಯಾಲೆ ಕುಡಿ. ಡಾಕ್ಟರ್ ಹತ್ರ ಹೋಗು, ಹಟ ಮಾಡಬ್ಯಾಡ. ನಂಗೇನಾಗತೈತಿ ಅಂತ ಕೂಡಬ್ಯಾಡ. ನೀ ಬಿದ್ರ ನಾ ಯಾರ ಕೈ ಹಿಡಕೊಂಡು ಮೆಟ್ಟಲು ಹತ್ತಲಿ?" ಟ್ಯಾಂಕಿನ ಹಿಂದ ಅಣ್ಣ ಲೋಟದಾಗ, "ರೋಜರ್." ಆಮ್ಯಾಲೆ ಕೆಳಗಿಳದು ಕಷಾಯ ಕುಡೀತಿದ್ರು. ನಾ ಮಬ್ಬಿ, ಅಕ್ಕ ಚಾಷ್ಟಿ ಮಾಡತಾಳ ಅಂತ ತಿಳಕೊಂಡಿದ್ದೆ.

ಡಾಕ್ಟರ್ ಹತ್ರ ಹೋದದ್ದು ತಡ ಆತು. ಎದಿಯಾಗ ಹತ್ತಿ ಧೂಳು ಕೂತೈತಿ ಅಂದ್ರು. ಚಳಿ ಸುರು ಆದಾಗ ಉಸಿರು ಸಾಲದಂಗ ಆತು. ದವಾಖಾನ್ಯಾಗ ಎರಡು ದಿನ ಇದ್ರು. ಎರಡನೇ ದಿನ ಮುಂಜಾನಿ ನಾ ಗಂಜಿ ಒಯ್ದಿದ್ದೆ. ಮುಖಕ್ಕ ಆಕ್ಸಿಜನ್ ಮಾಸ್ಕ್. ಅದನ್ನ ಸರಿಸಿ, "ಇವತ್ತ ಹುಡುಗಿ ದಿನ. ಮರೀಬ್ಯಾಡ" ಅಂದ್ರು. ನನ್ನ ಜೋಡಿ ಆಡಿದ ಕಡೀ ಮಾತು ಅದೇ. ಸಂಜಿ ನಾ ಟ್ಯಾಂಕಿನ ಹಿಂದ ಕುಂತು "ಗುಡ್ ಈವ್ನಿಂಗ್" ಅನ್ನೂ ಹೊತ್ತಿಗೆ ದವಾಖಾನಿಯಿಂದ ಫೋನ್ ಬಂತು.

ಹನ್ನೊಂದನೇ ದಿನದ ಕಾರ್ಯ ಎಲ್ಲಾ ಮುಗದು, ಬಂದ ಮಂದಿ ಹೋದ ಮ್ಯಾಲೆ ಅಕ್ಕ ನನ್ನನ್ನ ಕರದ್ಳು. "ಮಾಳಿಗಿ ಹತ್ತಿಸು ನನ್ನ." ಹನ್ನೆರಡು ಮೆಟ್ಟಲು ಎಣಿಸಿದೆ. ಹೊರಸಿನ ಮ್ಯಾಲೆ ಕುಂತಳು. ನಾ ಏನು ಮಾಡಬೇಕು ತಿಳೀದ ಟ್ಯಾಂಕಿನ ಹಿಂದ ಹೋಗಾಕ ಹೊಂಟೆ.

"ಎಲ್ಲಿ ಹೊಂಟೀ? ಇಲ್ಲೇ ಕೂಡು. ಲೋಟ ಬ್ಯಾಡ ಇವತ್ತ."

"ನಿಂಗ ಗೊತ್ತಿತ್ತೇನಕ್ಕಾ?"

"ಐದನೇ ದಿನವೇ ಗೊತ್ತಾತು. ಬಂದ ಬಂದ ಪೈಲಟ್ ಎಲ್ಲಾ ಕೆಮ್ಮತಾರಲ್ಲ. ಎರಡು ಸಣ್ಣವು, ಒಂದು ದೊಡ್ಡದು." ಸೆರಗಿನಿಂದ ಮೂಗು ಒರಸಿಕೊಂಡ್ಳು. "ನಿನ್ನ ಇಂಗ್ಲೀಷ್ ಅಂತೂ ಕೇಳಬ್ಯಾಡ. ನಗು ತಡಕೊಳ್ಳಾಕ ಸೆರಗು ಬಾಯಿಗಿಟ್ಟು ಕೂಡತಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಹೇಳಿದ್ರ ನಿಂದರಿಸತಿದ್ದ. ನಲವತ್ತು ವರ್ಷ ಒಂದು ಮನ್ಯಾಗ ಇದ್ವಿ. ದಿನಕ್ಕ ಹತ್ತು ಮಾತು ಆಡಿಲ್ಲ ಅವನು ನನ್ನ ಜೋಡಿ. ಪೈಲಟ್ ಆದ ಮ್ಯಾಲೆ ಸಂಜಿ ಸಂಜಿ ಮಾತಾಡಿದ. ನಾ ಹೇಳಿದ್ದಕ್ಕ ಹೂಂ ಅಂದ. ಅದನ್ನ ಕಳಕೊಳ್ಳಾಕ ನಂಗೇನು ಹುಚ್ಚೇ?"

ಮುಗಲಾಗ ಒಂದು ಇಮಾನ ಹೊಂಟಿತ್ತು. ಸೆಟ್ಟಿಲ್ಲ, ಮಾತಿಲ್ಲ, ಬರೇ ದೂರದ ಗುಂಯ್. ಅಕ್ಕ ಹೊರಸಿನ ಬುಡಕ ಕೈಹಾಕಿ ಆ ಉದ್ದನ ಪುಸ್ತಕ ತಗದು ನನ್ನ ತೊಡಿ ಮ್ಯಾಲೆ ಇಟ್ಟಳು.

"ಓದು. ಅವನು ಏನು ಬರೀತಿದ್ದ ಅಂತ ನಂಗ ಒಂದು ದಿನಾನೂ ಹೇಳಲಿಲ್ಲ."

ಓದಿದೆ. ಪೊಲೀಸ್ ಸ್ಟೇಷನ್ನಿನ್ಯಾಗ ಓದಿದ್ದನ್ನೆಲ್ಲಾ ಮತ್ತ ಓದಿದೆ, ಈ ಸರ್ತಿ ಕನ್ನಡದಾಗೇ. ಅತ್ತಿ ಮನಿ ಮ್ಯಾಲೆ ಉಗುಳಿಸಿದ್ದೂ ಬರದಿದ್ರು. ಅಕ್ಕ ನಕ್ಕಳು, ಅತ್ತಳು, "ಮುಂದಕ" ಅಂದ್ಳು. ಪೇಪರಿನ ಸುಳ್ಳು ಬಂತು. "ಹಂಗೇನು? ಉಳೀಲಿಲ್ಲೇನು ಆ ಮನಿಷಾ?" ಅಂದ್ಳು. "ಗೊತ್ತಿಲ್ಲಕ್ಕಾ" ಅಂದೆ. ಹಂಗೇ ಓದಿಕೋತ ಬ್ಯಾಸಗಿಗೆ ಬಂದೆ. ನಾ ವಿಡಿಯೋ ಹಾಕಿದ ಮರುದಿನ, ಪೊಲೀಸರು ಬಂದ ದಿನ. ಏನು ಬರದಾರೋ ಅಂತ ಕಣ್ಣು ಮಂಜಾದವು. ನನ್ನ ಹೆಸರು ಇರತೈತಿ, ಇರಬೇಕು, ಇರಲಿ ಅಂತಲೇ ನೋಡಿದೆ.

ಹಾಳಿಯಾಗ ಒಂದು ಚುಕ್ಕಿ ಇತ್ತು. ಅಷ್ಟೇ.

"ಯಾಕ ನಿಂತೀ? ಅಲ್ಲೇನೈತಿ?"

"ಚುಕ್ಕಿ ಅಕ್ಕಾ."

"ಮಿಲಿಟ್ರಿದೇನು?"

ಹೂಂ ಅನ್ನಬಹುದಿತ್ತು. ಅನ್ನಾಕ ಬರಲಿಲ್ಲ. "ಅಲ್ಲಕ್ಕಾ. ಅದು ನಾನು. ಸೆಟ್ಟು ರಿಪೇರಿಗೆ ಹೋಗಿರಲಿಲ್ಲ. ನಾ ಒಂದು ವಿಡಿಯೋ ಹಾಕಿದ್ದೆ, ಅವರು ಬ್ಯಾಡ ಅಂದ್ರೂ..." ಎಲ್ಲಾ ಹೇಳಿದೆ. ಮಿಲಿಟ್ರಿ ಅಂತ ಸುಳ್ಳು ಬರದದ್ದು, ಪೊಲೀಸರು, ಚುಕ್ಕಿ ಮ್ಯಾಲೆ ಬೆರಳು, ಎಲ್ಲಾ. ಅಕ್ಕ ಕೈ ಚಾಚಿ ಪುಸ್ತಕ ಮುಟ್ಟಿದ್ಳು. ಆ ಚುಕ್ಕಿ ಎಲ್ಲಿ ಸಿಗತೈತಿ ಬೆರಳಿಗೆ. ಆದ್ರೂ ಹಾಳಿ ತುಂಬ ಸವರಿದ್ಳು.

"ಅವನು ಬರೀದ ಬಿಟ್ಟದ್ದನ್ನ ನೀ ಯಾಕ ಓದತೀ?" ಅಂದ್ಳು. "ಮುಂದಕ ಓದು."

ನಾಕು ಹಾಳಿ ಖಾಲಿ. ಐದನೇದು ಓದಿದೆ. "ಆರು ಐವತ್ತು. ಟ್ರಾನ್ಸಿಸ್ಟರ್, ಲೋಟ. ಚೆನ್ನೈಯಿಂದ ಮುಂಬೈ. ಅಕ್ಕ ನಂಬಿದಳು." ಅದರ ಮುಂದಿನ ದಿನ, "ಅಕ್ಕ ನಂಬಿದಳು." ವಾರ ಬಿಟ್ಟು, "ಹುಡುಗಿ ಬಂದಳು. ಇಂಗ್ಲೀಷ್ ಕೆಟ್ಟದಾಗಿತ್ತು. ಅಕ್ಕ ನಂಬಿದಳು." ದವಾಖಾನಿಗೆ ಹೋಗೂ ಹಿಂದಿನ ಸಂಜಿ ತನಕಾ, ದಿನಾ, ಅದೇ ಒಂದು ಸಾಲು.

ನಾ ಓದೂದು ನಿಲ್ಲಿಸಿದೆ.

"ದಿನಾ ಹಂಗೇ ಬರದಾನೇನು?" ಅಂದ್ಳು ಅಕ್ಕ.

"ದಿನಾ."

ಅಕ್ಕ ಕಾಲು ಮ್ಯಾಲೆ ಎತ್ತಿಕೊಂಡು, ಸೆರಗು ಹೊಚ್ಚಿಕೊಂಡು ಕುಂತಳು.

"ಹಂಗಾರ ನಂಬಿದೆ ಬಿಡು" ಅಂದ್ಳು.